ವ್ಯೂಸ್ ಎಷ್ಟು ಅನ್ನೋದು ಬಿಡಿ, ನೋಡಿದ್ದು ಯಾರು?

ಕಬಿನಿಯ ಕರಿಚಿರತೆಯ ಇನ್ನೊಂದು ರೀಲ್ ಹಾಕಿ, ಕೆಳಗೆ ‘ಕಾಡು ಉಳಿಸಿ’ ಅಂತ ಬರೆದುಬಿಟ್ರೆ ಸಂರಕ್ಷಣೆ ಆಗೋಯ್ತಾ? ಚಿತ್ರ ಚೆನ್ನಾಗಿರುತ್ತೆ, ನಾನೂ ಲೈಕ್ ಒತ್ತೀನಿ. ಆದ್ರೆ ಆ ಲೈಕಿನಿಂದ ಒಂದು ಗುಂಟೆ ಕಾಡೂ ಉಳಿಯಲ್ಲ.

ಹಾಗಂತ ಕ್ಯಾಮೆರಾ ದಂಡ ಅಂತ ನಾನು ಹೇಳಲ್ಲ. ವನ್ಯಜೀವಿ ಚಿತ್ರ ಮಾಡೋ ಶೇಖರ್ ದತ್ತಾತ್ರಿ ಅವರನ್ನೇ ನೋಡಿ. ಮದ್ರಾಸಿನ ಹುಡುಗ, ಹದಿಮೂರನೇ ವಯಸ್ಸಿಗೆ ಅಲ್ಲಿನ ಹಾವಿನ ಪಾರ್ಕ್ ಸೇರ್ಕೊಂಡು ಸ್ವಯಂಸೇವಕ ಆದವರು. ಆಮೇಲೆ ಫೋಟೊ, ಸಿನಿಮಾ, ಸೈಲೆಂಟ್ ವ್ಯಾಲಿ ಮಳೆಕಾಡಿನ ಚಿತ್ರ, ದೊಡ್ಡ ದೊಡ್ಡ ವಿದೇಶಿ ಚಾನೆಲ್ಲುಗಳ ಕೆಲಸ. ಬೇರೆಯವರಾಗಿದ್ರೆ ಅಲ್ಲೇ ತಳ ಊರ್ತಿದ್ರು. ಇವರು ಆ ಟೀವಿ ಬದುಕಿಗೆ ಬೆನ್ನು ಹಾಕಿ, ನಮ್ಮ ಕಾಡುಗಳ ತಾಪತ್ರಯದ ಬಗ್ಗೆ ಕಿರುಚಿತ್ರ ಮಾಡೋಕೆ ನಿಂತ್ರು.

ಅದರಲ್ಲೊಂದು ನಮ್ಮ ಕುದುರೆಮುಖದ್ದು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟೋ ಬೆಟ್ಟಸಾಲು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯ್ತು, ಆದ್ರೆ ಕಬ್ಬಿಣದ ಅದಿರಿನ ಗಣಿ ಮಾತ್ರ ನಡೀತಾನೇ ಇತ್ತು. 1999ಕ್ಕೆ ಗುತ್ತಿಗೆ ಮುಗಿದ ಮೇಲೂ ನಿಲ್ಲಲಿಲ್ಲ. ಆ ಮಲೆನಾಡ ಮಳೆಗೆ ಅಗೆದ ಗುಡ್ಡದ ಮಣ್ಣು ಕೊಚ್ಚಿಕೊಂಡು ಸೀದಾ ಭದ್ರೆಗೆ. ಈಗ ಯೋಚ್ನೆ ಮಾಡಿ, ದಿಲ್ಲಿಯಲ್ಲಿ ಕೂತು ತೀರ್ಮಾನ ಮಾಡೋರು ಆಷಾಢದಲ್ಲಿ ಬಂದು ಆ ನದಿ ನೋಡ್ತಾರಾ? ಅವರ ಮುಂದೆ ಇರೋದು ಕಡತ. ಹೂಳು ಇಷ್ಟು ಟನ್ ಅಂತ ಓದೋದೇ ಬೇರೆ, ಕೆಂಪಗೆ ಉಕ್ಕಿ ಹರಿಯೋ ನೀರನ್ನ ಕಣ್ಣಾರೆ ನೋಡೋದೇ ಬೇರೆ. ಅದನ್ನೇ ಆ ಚಿತ್ರ ತೋರಿಸ್ತು.

ಸಿನಿಮಾ ಒಂದೇ ಗಣಿ ನಿಲ್ಲಿಸ್ತು ಅನ್ನೋದು ಬುರುಡೆ. ಅರಣ್ಯ ಇಲಾಖೆಯಲ್ಲಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿ ಇತ್ತು, ವೈಲ್ಡ್‌ಲೈಫ್ ಫಸ್ಟ್ ಅನ್ನೋ ವನ್ಯಜೀವಿ ಸಂಘಟನೆಯವರ ದಾಖಲೆ ಇತ್ತು, ಮಲೆನಾಡಿನ ಜನರ ಹೋರಾಟ ಇತ್ತು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಇಷ್ಟರ ನಡುವೆ ಚಿತ್ರ ಮಾಡಿದ್ದು ತನ್ನ ಪಾಲಿನ ಕೆಲಸ.

ಇನ್ನೊಂದು ಮಾತು ಹೇಳಲೇಬೇಕು. ಗಣಿ ನಿಂತಾಗ ಅಲ್ಲಿನ ಟೌನ್‌ಶಿಪ್ಪಿನ ಸಂಸಾರಗಳೂ ಗಂಟುಮೂಟೆ ಕಟ್ಟಿದವು. ಕಾಡಿನ ಕಥೆ ಹೇಳೋರು ಆ ಖಾಲಿ ಮನೆಗಳನ್ನ ಫ್ರೇಮಿನಿಂದ ಆಚೆ ಇಟ್ರೆ ನಾನಂತೂ ಒಪ್ಪಲ್ಲ. ಗಣಿ ಪರ ಇರೋರು ಹೇಗಿದ್ರೂ ಅದನ್ನೇ ಮೊದಲು ತೋರಿಸ್ತಾರೆ.

ಈಗ ಶರಾವತಿ ಕಣಿವೆಗೆ ಬನ್ನಿ. 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದ್ರೆ ನೀರನ್ನ ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋ ಯೋಜನೆ, ಬರ್ತಿರೋದು ಸಿಂಗಳೀಕದ ಅಭಯಾರಣ್ಯಕ್ಕೆ. ಸಿಂಗಳೀಕದ ಒಳ್ಳೊಳ್ಳೆ ಫೋಟೊ ತೆಗೆದಿರೋ ಗೆಳೆಯರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಅವರಿಗೆ ನನ್ನದೊಂದೇ ಕೇಳಿಕೆ: ಮುಖದ ಕ್ಲೋಸಪ್ ಸಾಕು. ಅದು ಓಡಾಡೋ ಮರಗಳನ್ನ, ಕಡಿಯೋಕೆ ಗುರುತು ಮಾಡಿರೋ ಜಾಗವನ್ನ, ಪಕ್ಕದ ಊರಿನೋರು ಏನಂತಾರೆ ಅನ್ನೋದನ್ನ ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿ. ಇನ್‌ಸ್ಟಾಗ್ರಾಮಿಗೆ ಆಮೇಲೆ ಹಾಕೋರಂತೆ, ಮೊದಲು ನಿಮ್ಮ ಶಾಸಕರಿಗೆ ತೋರಿಸಿ.