ಹಾಜರಿ ಕೇಳದ ಜಾಗ

ಕೇಳುಗರಿಗೆ ನಮಸ್ಕಾರ.

ಹದಿಹರೆಯದ ಮಕ್ಕಳ ಪಾಡನ್ನು ಯೋಚಿಸಿದ್ದೀರಾ? 14 ವರ್ಷದ ಹುಡುಗ ಜಾರುಬಂಡಿ ಹತ್ತಿದರೆ, ‘ಇಷ್ಟು ದೊಡ್ಡವನಾಗಿ ಇದೇನೋ’ ಅನ್ನುತ್ತೇವೆ. ದೊಡ್ಡವರ ಮಾತಿನ ನಡುವೆ ಬಂದು ಕೂತರೆ, ‘ನಿನಗ್ಯಾಕೆ ಇದೆಲ್ಲ’ ಅಂತ ಎಬ್ಬಿಸುತ್ತೇವೆ. ರಸ್ತೆ ತಿರುವಿನಲ್ಲಿ ನಾಲ್ಕು ಜನ ಸೇರಿ ನಿಂತರೆ ನಮಗೆ ಅನುಮಾನ. ಮತ್ತೆ ಅವರು ಹೋಗುವುದಾದರೂ ಎಲ್ಲಿಗೆ? ಅಂಥವರಿಗಾಗಿಯೇ ಇರುವ ಜಾಗ ಯುವ ಕೇಂದ್ರ. ಇವತ್ತಿನ ಮಾತು ಅದರ ಬಗ್ಗೆ.

ಪ್ರಶ್ನೆ ಹಳೆಯದು. ಲಂಡನ್ನಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ದುಡಿದ ಹುಡುಗರು ರಾತ್ರಿ ಮಾಲೀಕರು ಕೊಟ್ಟ ಕೋಣೆಗಳಲ್ಲೇ ಒತ್ತೊತ್ತಾಗಿ ಮಲಗುತ್ತಿದ್ದ ಕಾಲವದು. ಬಿಡುವು ಸಿಕ್ಕರೆ ಬೀದಿ, ಇಲ್ಲವೇ ಹೆಂಡದಂಗಡಿ. 1844ರ ಜೂನ್‌ನಲ್ಲಿ ಅಂಥದೇ ಅಂಗಡಿಯ ಕೆಲಸಗಾರ, 22 ವರ್ಷದ ಜಾರ್ಜ್ ವಿಲಿಯಮ್ಸ್, ಕೆಲವು ಗೆಳೆಯರ ಜೊತೆ ಸೇರಿ ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘ, ಶುರುಮಾಡಿದರು. ಮೊದಲು ಅಲ್ಲಿದ್ದದ್ದು ಪ್ರಾರ್ಥನೆ ಮತ್ತು ಬೈಬಲ್ ಓದು. ಆಟಗಳು ಆಮೇಲೆ ಬಂದವು.

ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ 1860ರಲ್ಲಿ ಮೂವರು ಹೆಂಗಸರು ಬೀದಿ ಅಲೆಯುತ್ತಿದ್ದ ಹುಡುಗರಿಗೆ ಒಂದು ಕ್ಲಬ್ ತೆರೆದರು. ಮುಂದೆ ದೇಶದ ತುಂಬ ಇಂಥ ಕ್ಲಬ್ಬುಗಳು ಹುಟ್ಟಿ, 1906ರಲ್ಲಿ ಒಂದು ಒಕ್ಕೂಟವೇ ಆಯಿತು. ಆದರೆ ತಮಾಷೆ ನೋಡಿ. ಕಟ್ಟಿದವರು ಹೆಂಗಸರು, ಆ ಒಕ್ಕೂಟದ ಹೆಸರಿನಲ್ಲಿ ‘ಹುಡುಗಿಯರು’ ಅನ್ನುವ ಪದ ಸೇರಿದ್ದು 1990ರಲ್ಲಿ!

ಇನ್ನೊಂದು ಘಟನೆ ನನಗೆ ತುಂಬ ಇಷ್ಟ. 1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆ. ಹೊರಗೆ ಚಳಿ, ಒಳಗೆ ಅದೇ ಕವಾಯತು. ಬೇಸತ್ತ ಯುವಕರು ಯಾರ ಮಾತೂ ಕೇಳುತ್ತಿರಲಿಲ್ಲ. ಮೇಷ್ಟ್ರು ಜೇಮ್ಸ್ ನೈಸ್ಮಿತ್ ಆ ಯುವಕರಿಗೆ ಬೈಯಲಿಲ್ಲ. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆಸಿ ನಿಲ್ಲಿಸಿ, 13 ನಿಯಮ ಬರೆದು, ಕೈಗೆ ಚೆಂಡು ಕೊಟ್ಟರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹಾಗೆ. ತಂಟೆ ಮಾಡುವವರಿಗೆ ಶಿಕ್ಷೆಯ ಬದಲು ಆಟ ಸಿಕ್ಕಿತು ಅಲ್ವಾ?

ಸರ್ಕಾರಗಳು ಇದನ್ನು ಗಂಭೀರವಾಗಿ ನೋಡಿದ್ದು ತಡವಾಗಿ. ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಮುಗಿಯುತ್ತಾ ಬಂದಿತ್ತು, ಯುದ್ಧದ ನಂತರ ಹುಟ್ಟಿದ ಮಕ್ಕಳು ದಂಡುದಂಡಾಗಿ ಹದಿಹರೆಯಕ್ಕೆ ಬರುತ್ತಿದ್ದರು. ಆಗ, 1960ರಲ್ಲಿ, ಸರ್ಕಾರ ನೇಮಿಸಿದ್ದ ಆಲ್ಬೆಮಾರ್ಲ್ ಸಮಿತಿ ವರದಿ ಕೊಟ್ಟಿತು. ಯುವಜನರಿಗೆ ಏನು ಸಿಗಬೇಕು ಅಂತ ಅದು ಒತ್ತಿ ಹೇಳಿದ್ದು ಮೂರು ಮಾತು: ಒಡನಾಟ, ತರಬೇತಿ, ಸವಾಲು. ಹೊಸ ಕಟ್ಟಡಗಳು ಎದ್ದವು, ಕೇಂದ್ರ ನಡೆಸುವವರಿಗೆ ತರಬೇತಿ ಕಾಲೇಜೂ ಬಂತು.

ಆ ಮೂರರಲ್ಲಿ ಒಡನಾಟ ಮೊದಲು ಬಂದದ್ದು ಸುಮ್ನೆ ಅಲ್ಲ. ಶಾಲೆಗೆ ಹೋಗಲೇಬೇಕು. ಯುವ ಕೇಂದ್ರಕ್ಕೆ ಇಷ್ಟವಿದ್ದರೆ ಬರಬಹುದು, ಬೇಸರವಾದರೆ ಎದ್ದು ಹೋಗಬಹುದು. ಅದಕ್ಕೇ ಅಲ್ಲಿರುವ ದೊಡ್ಡವರ ಕೆಲಸ ಕಷ್ಟ. ಅವರು ಅಪ್ಪನೂ ಅಲ್ಲ, ಮೇಷ್ಟ್ರೂ ಅಲ್ಲ, ಪೊಲೀಸೂ ಅಲ್ಲ. ಎದುರಿಗೆ ಕೂರಿಸಿ ‘ಏನು ತೊಂದರೆ’ ಅಂತ ಕೇಳಿದರೆ ಆ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಜೊತೆಗೆ ಟೇಬಲ್ ಟೆನ್ನಿಸ್ ಆಡುತ್ತಿದ್ದರೆ, ಕಣ್ಣು ಚೆಂಡಿನ ಮೇಲಿರುವಾಗ, ಮಾತು ತಾನಾಗೇ ಬರುತ್ತದೆ.

ನಾವು ಜಾಸ್ತಿ ಎಡವುವುದೂ ಇಲ್ಲೇ. ಉದ್ಘಾಟನೆ ಮುಗಿದ ಮರುದಿನವೇ ವ್ಯಕ್ತಿತ್ವ ವಿಕಸನದ ಉಪನ್ಯಾಸ ಇಡುತ್ತೇವೆ. ಸಂಜೆ ಆರಕ್ಕೆ, ಅಂದರೆ ಮಕ್ಕಳು ಬಿಡುವಾಗುವ ಹೊತ್ತಿಗೇ, ಬೀಗ ಹಾಕುತ್ತೇವೆ. ಯಾವಾಗ ತೆರೆದಿರಬೇಕು, ಗೋಡೆಗೆ ಯಾವ ಬಣ್ಣ, ಇರುವ ಹಣದಲ್ಲಿ ಏನು ಕೊಳ್ಳಬೇಕು ಅಂತ ಅವರನ್ನೇ ಕೇಳಿ, ನಿರ್ಧಾರ ಅವರಿಗೇ ಬಿಡಿ. ತಪ್ಪು ನಿರ್ಧಾರ ಮಾಡುತ್ತಾರೆ, ಮಾಡಲಿ. ಸಣ್ಣ ತಪ್ಪುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

ಖರ್ಚು ಕಡಿತ ಅಂದಾಗ ಮೊದಲು ಕತ್ತರಿ ಬೀಳುವುದು ಇಂಥ ಕಡೆಗೇ. 2010ರ ನಂತರ ಇಂಗ್ಲೆಂಡಿನಲ್ಲಿ ನೂರಾರು ಯುವ ಕೇಂದ್ರಗಳು ಮುಚ್ಚಿದವು. ಏನು ಲಾಭವಾಯಿತು ತೋರಿಸಿ ಅಂದರೆ ನಡೆಸುವವರು ತಡವರಿಸುತ್ತಾರೆ. ಒಬ್ಬ ಹುಡುಗ ಆಟದ ನಡುವೆ ಮನೆಯ ಕಷ್ಟ ಹೇಳಿಕೊಂಡ. ಇದನ್ನು ಯಾವ ರಿಜಿಸ್ಟರಿನಲ್ಲಿ ಬರೆಯುತ್ತೀರಿ?

ನಮಸ್ಕಾರ.