ರಸ್ತೆ ಮೇಲಿನ ನಾಲ್ಕನೇ ಜೀವ

ಕೇಳುಗರಿಗೆಲ್ಲ ನಮಸ್ಕಾರ.

ಕಾರು ಓಡಿಸುವವರನ್ನು ನಾವು ಚಾಲಕರು ಎನ್ನುತ್ತೇವೆ. ಬೈಕ್ ಓಡಿಸುವವರನ್ನು ಮಾತ್ರ ಸವಾರರು ಎನ್ನುತ್ತೇವೆ. ಕುದುರೆ ಮೇಲೆ ಕೂತವರೂ ಸವಾರರೇ. ಈ ಪದ ಮೊದಲು ಕುದುರೆಯದು, ಬೈಕಿಗೆ ಆಮೇಲೆ ಬಂತು. ಭಾಷೆ ಇವರಿಬ್ಬರನ್ನೂ ಒಂದೇ ಜಾತಿಗೆ ಸೇರಿಸಿಬಿಟ್ಟಿದೆ. ಆದರೆ ಕಿರಿದಾದ ರಸ್ತೆಯ ತಿರುವಿನಲ್ಲಿ ಈ ಇಬ್ಬರು ಸವಾರರು ಎದುರಾದರೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಹಿಂದಿನಿಂದ ಬಂದ ಕಾರಿನವರಿಗೆ ಇಬ್ಬರನ್ನೂ ಕಂಡರೆ ಆಗುವುದಿಲ್ಲ. ಇವತ್ತು ಈ ಜಗಳದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ನಾನು ಬೈಕ್ ಓಡಿಸುತ್ತೇನೆ. ಕಾರೂ ಓಡಿಸುತ್ತೇನೆ. ಕುದುರೆ ಹತ್ತಿದ್ದು ತುಂಬಾ ತಡವಾಗಿ. ಅದಕ್ಕೂ ಎಷ್ಟೋ ವರ್ಷ ಮೊದಲು ನಡೆದ ಒಂದು ಸಂಗತಿ ಹೇಳುತ್ತೇನೆ.

ಎರಡೂ ಕಡೆ ಎತ್ತರದ ಬೇಲಿ ಇದ್ದ ರಸ್ತೆ. ನಾನು ಬೈಕಿನಲ್ಲಿ ಹೋಗುತ್ತಿದ್ದೆ. ತಿರುವು ದಾಟಿದರೆ ಮುಂದೆ ಎರಡು ಕುದುರೆ, ಅಕ್ಕಪಕ್ಕ. ಬ್ರೇಕ್ ಹಿಡಿದೆ, ವೇಗ ತಗ್ಗಿಸಿದೆ. ನಾನು ಬಂದಿದ್ದು ಅವರಿಗೆ ಗೊತ್ತಾಗಲಿ ಅಂತ ಹಾರನ್ ಒಂದು ಸಲ ಮೆಲ್ಲಗೆ ಒತ್ತಿದೆ. ಒಳ್ಳೆಯ ಮನಸ್ಸಿನಿಂದಲೇ ಒತ್ತಿದ್ದು. ಒಳಗಡೆ ಇದ್ದ ಕುದುರೆ ಒಂದೇ ಏಟಿಗೆ ಅಡ್ಡಡ್ಡ ಹಾರಿ ರಸ್ತೆಯ ನಡುವೆ ನಿಂತಿತು. ಅದರ ಲಾಳ ಟಾರಿನ ಮೇಲೆ ಜಾರಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಮೇಲಿದ್ದ ಹುಡುಗಿ ಬೀಳಲಿಲ್ಲ, ಜೂಲು ಹಿಡಿದುಕೊಂಡಳು. ಜೊತೆಯಲ್ಲಿದ್ದ ಹಿರಿಯ ಹೆಂಗಸು ನನ್ನ ಕಡೆ ತಿರುಗಿ ಕೂಗಿದರು. ನಾನೂ ಕೂಗಿದೆ. 'ನಿಮ್ಮ ಕುದುರೆಗೆ ರಸ್ತೆ ಆಗಿಬರದಿದ್ದರೆ ಯಾಕೆ ತರುತ್ತೀರಿ?' ಅಂತ ಕೇಳಿದೆ. ಮನೆ ಮುಟ್ಟುವವರೆಗೂ ನನಗೆ ಸಿಟ್ಟು ಇಳಿಯಲಿಲ್ಲ. ನನ್ನದೇನೂ ತಪ್ಪಿಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ.

ಕುದುರೆ ಹತ್ತಿದ ಮೇಲೆ ನನಗೆ ಒಂದು ವಿಷಯ ಅರ್ಥವಾಯಿತು. ಅವತ್ತು ನಾನು ರಸ್ತೆಯಲ್ಲಿದ್ದವರ ಲೆಕ್ಕ ತಪ್ಪಿದ್ದೆ. ಕಾರಿನವರು, ಬೈಕಿನವರು, ಕುದುರೆ ಸವಾರರು ಅಂತ ಮೂರು ಪಕ್ಷ ಎಣಿಸುತ್ತೇವೆ ಅಲ್ವಾ? ಅಲ್ಲಿ ನಾಲ್ಕನೇ ಜೀವ ಒಂದಿದೆ. ಅದು ಕುದುರೆ. ಸವಾರನ ಕೈಯಲ್ಲಿ ಲಗಾಮು ಇದೆ ನಿಜ. ಆದರೆ ಲಗಾಮು ಬೈಕಿನ ಹ್ಯಾಂಡಲ್ ಅಲ್ಲ. ಹ್ಯಾಂಡಲ್ ತಿರುಗಿಸಿದರೆ ಚಕ್ರ ತಿರುಗಲೇಬೇಕು. ಲಗಾಮು ಎಳೆದರೆ ಕುದುರೆ ಕೇಳಬಹುದು, ಕೇಳದೆಯೂ ಇರಬಹುದು. ಅದಕ್ಕೆ ಅದರದೇ ಆದ ಭಯ ಇದೆ, ಅದರದೇ ಆದ ತೀರ್ಮಾನ ಇದೆ. ಮತ್ತೆ, ಸುಮಾರು 500 ಕಿಲೋ ತೂಕ ಇದೆ.

ಕುದುರೆ ಯಾಕೆ ಬೆದರುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಗೊತ್ತಾದರೆ ಅರ್ಧ ಜಗಳ ಅಲ್ಲೇ ಕರಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಬಯಲಿನಲ್ಲಿ ಮೇಯುತ್ತಾ, ಹುಲ್ಲಿನ ನಡುವೆ ಏನೋ ಅಲ್ಲಾಡಿತು ಅಂದರೆ ಮೊದಲು ಓಡಬೇಕು, ಆಮೇಲೆ ತಿರುಗಿ ನೋಡಬೇಕು. ನಿಂತು ಯೋಚಿಸಿದ ಕುದುರೆಗಳು ಉಳಿಯಲಿಲ್ಲ. ಓಡಿದವುಗಳ ಮರಿಗಳು ಇವತ್ತು ನಮ್ಮ ಜೊತೆ ರಸ್ತೆಯಲ್ಲಿವೆ. ಕಣ್ಣು ತಲೆಯ ಎರಡು ಬದಿಯಲ್ಲಿ ಇರುವುದರಿಂದ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿ ಕಾಣುತ್ತದೆ. ನಮಗೆ ಕಾಣುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕುದುರೆಗೆ ಕಾಣದ ಜಾಗ ಎರಡೇ. ಒಂದು ಹಣೆಯ ಎದುರಿಗೆ, ಮೂಗಿನ ಹತ್ತಿರ. ಇನ್ನೊಂದು ಬಾಲದ ನೇರ ಹಿಂದೆ. ಈಗ ಯೋಚಿಸಿ, ಬೈಕು ಎಲ್ಲಿಂದ ಬರುತ್ತದೆ? ನೇರ ಹಿಂದಿನಿಂದ. ಸದ್ದು ಬೆಳೆಯುತ್ತಾ ಇದೆ, ಆದರೆ ಏನೂ ಕಾಣುತ್ತಿಲ್ಲ. ಆಮೇಲೆ ಒಮ್ಮೆಲೇ ಕಣ್ಣಿನ ಅಂಚಿನಲ್ಲಿ ಒಂದು ದೊಡ್ಡ ಆಕಾರ, ತೊಡೆಯ ಪಕ್ಕದಲ್ಲೇ. ಹುಲಿ ಹಾರುವುದೂ ಹಾಗೆಯೇ ಅಲ್ವಾ?

ಕಿವಿಯ ವಿಷಯವೂ ಹೀಗೇ. ಮನುಷ್ಯರಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಕುದುರೆಗೆ 33,000 ಹರ್ಟ್ಸ್ ಆಸುಪಾಸಿನವರೆಗೂ ಕೇಳುತ್ತದೆ. ಬ್ರೇಕ್ ಪ್ಯಾಡಿನ ಕಿರುಗುಟ್ಟುವಿಕೆಯಲ್ಲಿ, ಚೈನಿನ ಸದ್ದಿನಲ್ಲಿ ನಮಗೆ ಕೇಳದ ಭಾಗ ಅದಕ್ಕೆ ಕೇಳುತ್ತಿರಬಹುದು. ಒಂದೇ ಸಮ ಬರುವ ಸದ್ದಿಗೆ ಕುದುರೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ಬದಲಾಗುವ ಸದ್ದಿಗೆ ಬೆಚ್ಚುತ್ತದೆ. ಹಾರನ್, ಗೇರ್ ಇಳಿಸಿದಾಗ ಎಂಜಿನ್ ಅರಚುವುದು, ದಾಟಿದ ಮೇಲೆ 'ಅಬ್ಬಾ, ಮುಗೀತು' ಅಂತ ಆಕ್ಸಿಲರೇಟರ್ ತಿರುವುವುದು. ಈ ಕೊನೆಯದನ್ನು ತುಂಬಾ ಜನ ಮಾಡುತ್ತಾರೆ. ದಾಟುವವರೆಗೂ ತಾಳ್ಮೆಯಿಂದ ಇದ್ದು, ದಾಟಿದ ತಕ್ಷಣ ಸಿಡಿದು ಹೋಗುತ್ತಾರೆ. ಕುದುರೆ ಬೆದರಿದ್ದು ಅವರಿಗೆ ಕನ್ನಡಿಯಲ್ಲೂ ಕಾಣುವುದಿಲ್ಲ. ಹಿಂದೆ ಬರುತ್ತಿರುವ ಕಾರಿನ ಮುಂದೆ ಅದು ಅಡ್ಡ ಬರುತ್ತದೆ.

ಈ ಜಗಳ ಹೊಸದಲ್ಲ. ಎಂಜಿನ್ ರಸ್ತೆಗೆ ಬಂದ ದಿನವೇ ಶುರುವಾಗಿದೆ. ಬ್ರಿಟನ್ನಿನ ಪಾರ್ಲಿಮೆಂಟು 1865ರಲ್ಲಿ ರಸ್ತೆ ಮೇಲೆ ಓಡುವ ಉಗಿ ಬಂಡಿಗಳಿಗೆ ಒಂದು ಕಾನೂನು ಮಾಡಿತು. ಬಂಡಿಯ ಮುಂದೆ ಕನಿಷ್ಠ 60 ಗಜ ದೂರದಲ್ಲಿ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕು. ಹಳ್ಳಿ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ, ಅದಕ್ಕಿಂತ ಜಾಸ್ತಿ ಓಡಿಸುವ ಹಾಗಿಲ್ಲ. ಕೆಂಪು ಬಾವುಟದ ಕಾನೂನು ಅಂತ ಇವತ್ತಿಗೂ ಜನ ನಗುತ್ತಾರೆ. ನಗುವವರು ಅದರ ಇನ್ನೊಂದು ಸಾಲನ್ನು ಓದಿರುವುದಿಲ್ಲ. ಕುದುರೆ ಜೊತೆಗಿರುವ ಯಾರೇ ಆಗಲಿ ಕೈ ಎತ್ತಿದರೆ ಬಂಡಿ ಆ ಕ್ಷಣವೇ ನಿಲ್ಲಬೇಕು ಅಂತ ಅದರಲ್ಲಿತ್ತು. ರಸ್ತೆಯಲ್ಲಿ ಸೀಟಿ ಊದಬಾರದು ಅಂತಲೂ ಇತ್ತು. ಕುದುರೆ ಗೊತ್ತಿದ್ದವರು ಬರೆದ ಮಾತು ಇದು. ಆಗ ರಸ್ತೆ ಕುದುರೆಯದಾಗಿತ್ತು, ಎಂಜಿನ್ ಅತಿಥಿಯಾಗಿತ್ತು. 1896ರಲ್ಲಿ ಹೊಸ ಕಾನೂನು ಬಂದು ಹಗುರವಾದ ಮೋಟಾರುಗಳಿಗೆ ಈ ಕಟ್ಟು ಹೋಯಿತು. ಆಮೇಲೆ ಅತಿಥಿಯೇ ಯಜಮಾನ ಆದ.

ಕೈ ಎತ್ತಿದ ಸವಾರನ ಮಾತು ಮಾತ್ರ ಸಾಯಲಿಲ್ಲ. ಇವತ್ತಿನ ಬ್ರಿಟನ್ನಿನ ಹೈವೇ ಕೋಡಿನಲ್ಲೂ, ಅಂದರೆ ಅಲ್ಲಿನ ರಸ್ತೆ ನಿಯಮಗಳ ಪುಸ್ತಕದಲ್ಲೂ, ಕುದುರೆ ಸವಾರರು ನಿಧಾನಿಸಿ, ನಿಲ್ಲಿಸಿ ಅಂತ ಕೈಸನ್ನೆ ಮಾಡಿದರೆ ಕೇಳಬೇಕು ಅಂತ ಇದೆ. 2022ರ ಜನವರಿ 29ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅಳತೆಯನ್ನೂ ಹೇಳಿದರು. ಕುದುರೆಯನ್ನು ದಾಟುವಾಗ ಗಂಟೆಗೆ 10 ಮೈಲಿ ಮೀರಬಾರದು, ಅಂದರೆ ಸುಮಾರು 16 ಕಿಲೋಮೀಟರ್. ನಡುವೆ ಕನಿಷ್ಠ 2 ಮೀಟರ್ ಜಾಗ ಬಿಡಬೇಕು. ಯಾರಿಂದ ಜಾಸ್ತಿ ಹಾನಿ ಆಗಬಲ್ಲದೋ ಅವರ ಹೊಣೆ ಜಾಸ್ತಿ ಅನ್ನುವ ತತ್ವವನ್ನೂ ಅದೇ ತಿದ್ದುಪಡಿಯಲ್ಲಿ ಸೇರಿಸಿದರು. ನನಗೆ ಇದು ಸರಿ ಅನ್ನಿಸುತ್ತದೆ. ಲಾರಿಯ ಹೊಣೆಯೂ ನಡೆದು ಹೋಗುವವರ ಹೊಣೆಯೂ ಒಂದೇ ಆಗಲು ಹೇಗೆ ಸಾಧ್ಯ?

16 ಕಿಲೋಮೀಟರ್ ಅಂದರೆ ಕಾರಿನವರಿಗೆ ತೆವಳಿದ ಹಾಗೆ. ಒಂದು ಲೆಕ್ಕ ಮಾಡಿ ನೋಡೋಣ. 200 ಮೀಟರ್ ದೂರವನ್ನು 60ರ ವೇಗದಲ್ಲಿ 12 ಸೆಕೆಂಡಿನಲ್ಲಿ ದಾಟಬಹುದು. 16ರ ವೇಗದಲ್ಲಿ 45 ಸೆಕೆಂಡ್ ಬೇಕು. ಹೋಗುವುದು 33 ಸೆಕೆಂಡು. ಮನಸ್ಸಿಗೆ ಮಾತ್ರ ಅದು ಹತ್ತು ನಿಮಿಷದಂತೆ ಇರುತ್ತದೆ. ಅದು ನನಗೂ ಗೊತ್ತು, ನಾನೂ ಆ ಸೀಟಿನಲ್ಲಿ ಕೂತು ಸ್ಟೀರಿಂಗ್ ಮೇಲೆ ಬೆರಳು ಬಡಿದಿದ್ದೇನೆ.

ಕಾರಿನವರಿಗೆ ಜಾಸ್ತಿ ಕೋಪ ತರಿಸುವುದು ಕುದುರೆಗಳು ಅಕ್ಕಪಕ್ಕ ಹೋಗುವುದು. ಹರಟೆ ಹೊಡೆಯುತ್ತಾ ರಸ್ತೆ ತುಂಬಾ ಹೋಗುತ್ತಾರೆ ಅಂತ ಅನ್ನಿಸುತ್ತದೆ. ಕೆಲವು ಸಲ ನಿಜವೂ ಇರಬಹುದು. ಆದರೆ ಬಹಳ ಸಲ ರಸ್ತೆ ನಡುವಿನ ಕಡೆ ಇರುವುದು ಅನುಭವ ಇರುವ ಕುದುರೆ, ಅಂಚಿನ ಕಡೆ ಇರುವುದು ಎಳೆಯ ಕುದುರೆ ಅಥವಾ ಕಲಿಯುತ್ತಿರುವ ಮಗು. ದೊಡ್ಡದು ಗೋಡೆಯ ಹಾಗೆ ನಿಂತು ಚಿಕ್ಕದಕ್ಕೆ ಧೈರ್ಯ ಕೊಡುತ್ತದೆ. ಅವತ್ತು ನಾನು ಕಂಡ ಜೋಡಿಯೂ ಅದೇ. ನನಗೆ ಗೊತ್ತಿರಲಿಲ್ಲ. ಇಬ್ಬರಿಗಿಂತ ಹೆಚ್ಚು ಜನ ಅಕ್ಕಪಕ್ಕ ಹೋಗಬಾರದು, ಕಿರಿದಾದ ರಸ್ತೆಯಲ್ಲಿ, ತಿರುವು ಬಂದಾಗ ಒಂದರ ಹಿಂದೆ ಒಂದು ಹೋಗಬೇಕು ಅಂತ ಸವಾರರಿಗೂ ಅದೇ ಕೋಡ್ ಹೇಳುತ್ತದೆ. ಅವತ್ತು ತಿರುವಿನಲ್ಲಿ ಅವರೂ ಅಕ್ಕಪಕ್ಕ ಇದ್ದರು. ತಪ್ಪು ನನ್ನೊಬ್ಬರದೇ ಆಗಿರಲಿಲ್ಲ. ಆದರೆ ಇಬ್ಬರ ತಪ್ಪಿಗೂ ಬೆಲೆ ತೆರುವಂತಾಗಿದ್ದು ಆ ಹುಡುಗಿ ಮತ್ತು ಆ ಕುದುರೆ.

ಇನ್ನು ಬೈಕಿಗೂ ಕಾರಿಗೂ ನಡುವಿನ ಒಂದು ಅಪಾಯ ಹೇಳಲೇಬೇಕು. ಮುಂದೆ ಕಾರು ಇದ್ದಕ್ಕಿದ್ದಂತೆ ನಿಧಾನ ಆಗುತ್ತದೆ. ಹಿಂದಿನ ಬೈಕಿನವರಿಗೆ ಯಾಕೆ ಅಂತ ಕಾಣುವುದಿಲ್ಲ, ಕಾರೇ ಕುದುರೆಯನ್ನು ಮರೆಮಾಡಿದೆ. ಫೋನ್ ನೋಡುತ್ತಿರಬೇಕು ಅಂದುಕೊಂಡು ಬೈಕು ಪಕ್ಕಕ್ಕೆ ಹೊರಳಿ ಓವರ್‌ಟೇಕ್ ಮಾಡುತ್ತದೆ. ಅದೇ ಹೊತ್ತಿಗೆ ಕಾರು ಕುದುರೆಗೆ ಜಾಗ ಬಿಡಲು ರಸ್ತೆ ನಡುವಿಗೆ ಸರಿಯುತ್ತದೆ. ಈಗ ಬೈಕು, ಕಾರು, ಕುದುರೆ ಮೂರೂ ಒಂದೇ ಗೆರೆಯಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾರಣ ಕಾಣದೆ ನಿಧಾನವಾದ ಕಾರನ್ನು ದಯವಿಟ್ಟು ದಾಟಬೇಡಿ. ಆ ಕಾರಿನವರಿಗೆ ನಿಮಗೆ ಕಾಣದ್ದು ಏನೋ ಕಂಡಿದೆ.

ಹೈವೇ ಕೋಡ್ ಪ್ರಕಾರ ಗಂಟೆಗೆ 30 ಮೈಲಿ ವೇಗದಲ್ಲಿ ಹೋಗುವ ವಾಹನ ಪೂರ್ತಿ ನಿಲ್ಲಲು 23 ಮೀಟರ್ ಬೇಕು. 60 ಮೈಲಿಗೆ 73 ಮೀಟರ್. ವೇಗ ಎರಡು ಪಟ್ಟು, ದೂರ ಮೂರು ಪಟ್ಟಿಗಿಂತ ಜಾಸ್ತಿ. ಬೇಲಿ ಇರುವ ತಿರುವಿನಲ್ಲಿ 73 ಮೀಟರ್ ಮುಂದೆ ಎಲ್ಲಿ ಕಾಣುತ್ತದೆ?

ಬೈಕಿನ ಗೆಳೆಯರಿಗೆ ಇನ್ನೊಂದಿಷ್ಟು ಹೇಳುತ್ತೇನೆ, ನಾನೂ ನಿಮ್ಮವರೇ. ನಮಗೂ ಕುದುರೆ ಸವಾರರಿಗೂ ಎಷ್ಟು ಹೋಲಿಕೆ ಇದೆ ನೋಡಿ. ಇಬ್ಬರ ಸುತ್ತಲೂ ತಗಡಿನ ಗೋಡೆ ಇಲ್ಲ. ಇಬ್ಬರೂ ಹೆಲ್ಮೆಟ್ ಹಾಕುತ್ತೇವೆ. ಜಂಕ್ಷನ್ನಿನಲ್ಲಿ ಕಾರಿನವರು 'ನಾನು ನೋಡಲೇ ಇಲ್ಲ' ಅನ್ನುವುದನ್ನು ಇಬ್ಬರೂ ಕೇಳಿದ್ದೇವೆ. ಜಲ್ಲಿ ಕಂಡರೆ ಇಬ್ಬರಿಗೂ ಭಯ. ತಿರುವಿನಲ್ಲಿ ಬಿದ್ದ ಲದ್ದಿ ನಮ್ಮ ಚಕ್ರವನ್ನು ಜಾರಿಸುತ್ತದೆ, ಆ ದೂರು ನ್ಯಾಯವಾದದ್ದೇ. ಸವಾರರು ಇಳಿಯಬಹುದಾದ ಕಡೆ ಇಳಿದು ಅದನ್ನು ಅಂಚಿಗೆ ಸರಿಸಿದರೆ ದೊಡ್ಡ ಉಪಕಾರ.

ಕುದುರೆ ಕಂಡರೆ ದೂರದಲ್ಲೇ ವೇಗ ಇಳಿಸಿ, ಹತ್ತಿರ ಬಂದು ಗೇರ್ ಇಳಿಸಬೇಡಿ. ಕುದುರೆ ತಲೆ ಎತ್ತಿ, ಕಿವಿ ಬಿಗಿಹಿಡಿದು, ಅಡ್ಡ ಹೆಜ್ಜೆ ಹಾಕುತ್ತಿದ್ದರೆ ನಿಂತುಬಿಡಿ. ಎಂಜಿನ್ ಆಫ್ ಮಾಡಬೇಕೆ ಅಂತ ಸವಾರರನ್ನೇ ಕೇಳಿ. ಆಫ್ ಮಾಡಿದರೆ ಕುದುರೆ ದೂರ ಹೋಗುವವರೆಗೂ ಮತ್ತೆ ಸ್ಟಾರ್ಟ್ ಮಾಡಬೇಡಿ. ಹೆಲ್ಮೆಟ್ಟಿನ ಗಾಜು ಎತ್ತಿ ಎರಡು ಮಾತಾಡಿ. ಏನು ಹೇಳುತ್ತೀರಿ ಅನ್ನುವುದು ಮುಖ್ಯ ಅಲ್ಲ. ಹೆಲ್ಮೆಟ್ ಹಾಕಿ ಬೈಕಿನ ಮೇಲೆ ಕೂತ ಆಕಾರ ಕುದುರೆಗೆ ಅಪರಿಚಿತ. ಮನುಷ್ಯರ ದನಿ ಅದಕ್ಕೆ ಹುಟ್ಟಿದಾಗಿನಿಂದ ಪರಿಚಿತ. ಗುಂಪಿನಲ್ಲಿ ಹೋಗುವಾಗ, ಹಿಂದೆ ಎಷ್ಟು ಬೈಕ್ ಇವೆ ಅಂತ ಮೊದಲನೆಯವರು ಬೆರಳಲ್ಲಿ ತೋರಿಸಿ. ಒಂದು ದಾಟಿತು ಅಂತ ಸವಾರ ಉಸಿರು ಬಿಟ್ಟಾಗಲೇ ಎರಡನೆಯದು ಬಂದರೆ ಕಷ್ಟ.

ವಿದ್ಯುತ್ ಕಾರುಗಳು ಬಂದಮೇಲೆ ಉಲ್ಟಾ ಸಮಸ್ಯೆಯೂ ಬಂದಿದೆ. ಸದ್ದೇ ಇಲ್ಲ. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಹೋಗುವಾಗ ಸದ್ದು ಮಾಡಲೇಬೇಕು ಅಂತ ನಿಯಮ ಮಾಡಿದ್ದಾರೆ. ಆದರೂ ಹಿಂದಿನಿಂದ ಬಂದರೆ ಕೊನೇ ಗಳಿಗೆಯವರೆಗೂ ಸವಾರರಿಗೆ ಗೊತ್ತಾಗದೆ ಇರಬಹುದು. ಸವಾರರು ಎದ್ದು ಕಾಣುವ ಬಣ್ಣದ ಜಾಕೆಟ್ ಹಾಕಬೇಕು, ಆಗಾಗ ಹಿಂದೆ ತಿರುಗಿ ನೋಡುತ್ತಿರಬೇಕು. ಮುಸ್ಸಂಜೆಯಲ್ಲಿ ಕಂದು ಕುದುರೆ ಮೇಲೆ ಕಪ್ಪು ಬಟ್ಟೆ ಹಾಕಿ ಹೊರಡುವವರನ್ನು ಕಂಡಾಗ ನನಗೆ ಅಳು ಬರುತ್ತದೆ.

ಕೊನೆಗೆ, ಒಂದು ದೂರು ಎಲ್ಲ ಕಡೆ ಕೇಳುತ್ತೇನೆ. ನಾವು ನಿಧಾನ ಮಾಡಿದೆವು, ಜಾಗ ಬಿಟ್ಟೆವು, ಅವರು ಕೈ ಎತ್ತಿ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ಅಂತ. ಬೆದರಿದ ಕುದುರೆ ಮೇಲೆ ಕೂತಾಗ ಎರಡೂ ಕೈ ಲಗಾಮಿನಲ್ಲಿ ಇರಬೇಕು. ಒಂದು ಕೈ ಬಿಟ್ಟರೆ ಹಿಡಿತ ಹೋಯಿತು. ಆಗ ಅವರು ತಲೆ ಆಡಿಸುತ್ತಾರೆ, ಅಷ್ಟೇ. ಹೆಲ್ಮೆಟ್ ಇರುವುದರಿಂದ ಅದೂ ಸರಿಯಾಗಿ ಕಾಣುವುದಿಲ್ಲ.

ಈಚೆಗೆ ಅಂಥದ್ದೇ ಒಂದು ರಸ್ತೆಯಲ್ಲಿ ಒಂಟಿ ಕುದುರೆ ಎದುರಿಗೆ ಬಂತು. ಬೈಕನ್ನು ಅಂಚಿಗೆ ನಿಲ್ಲಿಸಿ ಕ್ಲಚ್ ಹಿಡಿದು ಕಾದೆ. ಗಾಜು ಎತ್ತಿ, 'ನಿಧಾನವಾಗಿ ಬನ್ನಿ, ಏನೂ ಅವಸರ ಇಲ್ಲ' ಅಂದೆ. ಕುದುರೆಯ ಒಂದು ಕಿವಿ ನನ್ನ ಕಡೆ ತಿರುಗಿತು. ಆಮೇಲೆ ಇನ್ನೊಂದು. ಎರಡು ಹೆಜ್ಜೆ ಇಟ್ಟು, ನಿಂತು, ತಲೆ ಇಳಿಸಿ ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟಿತು. ಮೇಲಿದ್ದವರು ತಲೆ ಆಡಿಸಿದರು. ನನಗೆ ಕಾಣಿಸಿತು.

ನಮಸ್ಕಾರ.