ಸೀಟು ಸಿಕ್ಕಿತು, ದುಡ್ಡು ಎಲ್ಲಿಂದ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಡಾಕ್ಟರ ಜೊತೆ ಸೇರಿ ರೋಗಿಗಳಿಗೆ ಚಿಕಿತ್ಸೆ ಕೊಡುವ ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಕೆಲಸ ಏನು ಅಂತ ಈ ಸಭೆಗೆ ವಿವರಿಸಬೇಕಿಲ್ಲ. ಇಲ್ಲಿ ಕೂತಿರುವ ಎಷ್ಟೋ ಮಕ್ಕಳು ಆಗಲೇ ಆಂಬ್ಯುಲೆನ್ಸಿನಲ್ಲಿ ಇಎಂಟಿ ಆಗಿಯೋ, ಡಾಕ್ಟರ ಟಿಪ್ಪಣಿ ಬರೆಯುವ ಸ್ಕ್ರೈಬ್ ಆಗಿಯೋ ದುಡಿಯುತ್ತಾ ಪಿಎ ಶಾಲೆಗಳ ಕಾಸ್ಪಾ ಅರ್ಜಿಗೆ ಬೇಕಾದ ಅನುಭವದ ಗಂಟೆಗಳನ್ನು ಕೂಡಿಸುತ್ತಿದ್ದಾರೆ. ಹಾಗಾಗಿ ನೇರವಾಗಿ ದುಡ್ಡಿನ ಮಾತಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಜಿಪಿಎ ಅಂಕದ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತೇವೆ. ದುಡ್ಡಿನ ಮಾತು ತೆಗೆಯುವುದು ಮಾತ್ರ ಸೀಟು ಸಿಕ್ಕ ಮೇಲೆ.

ನನ್ನದು ಒಂದೇ ಕೋರಿಕೆ. ಸೀಟು ಉಳಿಸಿಕೊಳ್ಳುವ ಡಿಪಾಸಿಟ್ ಕಟ್ಟುವ ಮೊದಲು, ಓದಿನ ಖರ್ಚಿನ ನೆರವು ನೋಡಿಕೊಳ್ಳುವ ಆ ಶಾಲೆಯ ಫೈನಾನ್ಷಿಯಲ್ ಏಡ್ ಆಫೀಸಿಗೆ ಫೋನ್ ಮಾಡಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಪರಿಚಯದ ಒಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಶಾಲೆಯ ಏಡ್ ಪತ್ರ, ಜೊತೆಗೆ ಮೈಸೂರ್ ಪಾಕಿನ ಡಬ್ಬಿ. "ಪೂರ್ತಿ ಖರ್ಚಿಗೆ ಏಡ್ ಸಿಕ್ಕಿದೆ ನೋಡಿ" ಅಂತ ಅವರಿಗೆ ಹಿಗ್ಗೋ ಹಿಗ್ಗು. ನಾವು ಮೂವರೂ ಪತ್ರ ಹರಡಿಕೊಂಡು ಕೂತೆವು. ಮೇಲೆ ಖರ್ಚಿನ ಪಟ್ಟಿ: ಟ್ಯೂಷನ್, ಫೀಸು, ಬಾಡಿಗೆ, ಪುಸ್ತಕ. ಕೆಳಗೆ ಏಡ್. ಮೊದಲನೆಯ ಸಾಲು ಅನ್‌ಸಬ್ಸಿಡೈಸ್ಡ್ ಲೋನ್, 20,500 ಡಾಲರ್. ಎರಡನೆಯದು ಗ್ರ್ಯಾಡ್ ಪ್ಲಸ್, ಮಿಕ್ಕಿದ್ದೆಲ್ಲ ಅದರಲ್ಲಿ. ಮೂರನೆಯ ಸಾಲೇ ಇಲ್ಲ. ಹುಡುಗಿ ಬೆರಳಿಟ್ಟು ಓದಿ, "ಅಪ್ಪಾ, ಇದೆಲ್ಲಾ ಸಾಲ" ಅಂದಳು. ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿಂದ ಓದಿದರು. ಅಷ್ಟು ಹೊತ್ತಿಗೆ ಡಿಪಾಸಿಟ್ ಕಟ್ಟಿ ಆಗಿತ್ತು.

ಇವರು ಓದು ಬಲ್ಲವರು, ಲೆಕ್ಕ ಬಲ್ಲವರು. ಪತ್ರವೇ ಹಾಗಿರುತ್ತದೆ. ಪದವಿ ಮುಗಿಸಿ ಮುಂದೆ ಓದುವವರಿಗೆ ಸಬ್ಸಿಡಿ ಸಾಲ, ಅಂದರೆ ಓದುವಾಗಿನ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಸಾಲ, 2012ರಲ್ಲೇ ನಿಂತುಹೋಗಿದೆ. ದುಡ್ಡು ಶಾಲೆಗೆ ಹೋದ ದಿನದಿಂದಲೇ ಬಡ್ಡಿ ಶುರು. ಪಿಎ ಓದು ಸುಮಾರು 27 ತಿಂಗಳು. ಅಷ್ಟೂ ದಿನ ಕೆಲಸ ಮಾಡಬೇಡಿ ಅಂತ ಬಹಳಷ್ಟು ಶಾಲೆಗಳು ಹೇಳುತ್ತವೆ. ಓದಿನ ಹೊರೆ ಹಾಗಿದೆ.

ಈಗ ಇನ್ನೂ ಬಿಗಿಯಾಗಿದೆ. 2025ರ ಜುಲೈನಲ್ಲಿ ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಆ ಸರ್ಕಾರಿ ಸಾಲ ಇಲ್ಲ. ಸಾಮಾನ್ಯ ಗ್ರ್ಯಾಜುಯೇಟ್ ಓದಿಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ ಡಾಲರ್. ಪ್ರೊಫೆಷನಲ್ ಓದಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. 2025ರ ಕೊನೆಯಲ್ಲಿ ಶಿಕ್ಷಣ ಇಲಾಖೆ ಮುಂದಿಟ್ಟ ಪ್ರೊಫೆಷನಲ್ ಪಟ್ಟಿಯಲ್ಲಿ ವೈದ್ಯಕೀಯ ಇದೆ, ದಂತ ವೈದ್ಯಕೀಯ ಇದೆ, ಪಿಎ ಇಲ್ಲ. ಇದು ಅನ್ಯಾಯ ಅಂತ ನಾನು ಜೋರಾಗಿಯೇ ಹೇಳುತ್ತೇನೆ. ಡಾಕ್ಟರು ಹೋಗದ ಊರಿಗೆ ಹೋಗುವವರು ಇವರೇ ಅಲ್ವಾ? ಹೀಗೆ ದುಡ್ಡಿಗೆ ಕೊರತೆ ಬಿದ್ದಾಗ ಖಾಸಗಿ ಬ್ಯಾಂಕು ಅಪ್ಪ ಅಮ್ಮನ ಸಹಿ ಕೇಳುತ್ತದೆ. ಆ ಸಹಿ ಹಾಕುವ ಮೊದಲು, ಮತ್ತೆ ಹೇಳುತ್ತೇನೆ, ಏಡ್ ಆಫೀಸಿಗೆ ಫೋನ್ ಮಾಡಿ. ಶಾಲೆಯದೇ ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ ಕೊಡುತ್ತೀರಿ, ಎರಡನೇ ವರ್ಷಕ್ಕೂ ಇದೆಯಾ ಅಂತ ಕೇಳಿ. ಹಿಂದುಳಿದ ಕುಟುಂಬದ ಮಕ್ಕಳಿಗೆ ಸರ್ಕಾರ ಶಾಲೆಗಳ ಮೂಲಕ ಕೊಡುವ ದುಡ್ಡು ಇಲ್ಲಿಗೆ ಬಂದಿದೆಯಾ ಅಂತಲೂ ಕೇಳಿ. ಅದಕ್ಕೆ ಅಪ್ಪ ಅಮ್ಮನ ಆದಾಯದ ವಿವರ ಬೇಕಾಗುತ್ತದೆ, ಮುಚ್ಚಿಡಬೇಡಿ.

ಇನ್ನು ನನಗೆ ಬಹಳ ಇಷ್ಟವಾದದ್ದು, ಸರ್ಕಾರದ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ಸ್ಕಾಲರ್‌ಶಿಪ್. ಟ್ಯೂಷನ್, ಫೀಸು, ಮೇಲೆ ತಿಂಗಳ ಖರ್ಚಿಗೂ ದುಡ್ಡು ಕೊಡುತ್ತಾರೆ. ಬದಲಿಗೆ ಚಿಕಿತ್ಸೆ ಕೊಡುವವರು ಸಿಗದ ಊರಿನಲ್ಲಿ ಕನಿಷ್ಠ ಎರಡು ವರ್ಷ, ಹೆಚ್ಚೆಂದರೆ ನಾಲ್ಕು ವರ್ಷ ಕೆಲಸ. ಇದನ್ನು ಹೇಳಿದಾಗ ಆ ಅಪ್ಪ ತಕ್ಷಣ, "ಬಾಂಡಾ? ಬೇಡಮ್ಮ" ಅಂದರು. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರ ಹಳ್ಳಿ ಸೇವೆ ಅವರಿಗೆ ನೆನಪಾಯಿತು. ಆದರೆ ಇಲ್ಲಿ ಆ ಕ್ಲಿನಿಕ್ಕು ಸಂಬಳ ಬೇರೆ ಕೊಡುತ್ತದೆ. ಕಲಿಯುವುದಕ್ಕೂ ಅಂಥ ಊರಿಗಿಂತ ಒಳ್ಳೆಯ ಜಾಗ ನಾನು ಕಾಣೆ. ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಫ್ಯಾಮಿಲಿ ಮೆಡಿಸಿನ್, ಮಕ್ಕಳ ಚಿಕಿತ್ಸೆ, ಮಾನಸಿಕ ಆರೋಗ್ಯ, ಇಂಥದ್ದೇ ಕೆಲಸ ಮಾಡಬೇಕು. ಆರ್ಥೋಪೆಡಿಕ್ಸ್ ಕನಸಿದ್ದವರಿಗೆ ಇದು ಬೇಡ. ಮಾತು ತಪ್ಪಿದರೆ ಕೊಟ್ಟಿದ್ದರ ಮೂರರಷ್ಟು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಮತ್ತೆ, ಇದು ಸಿಟಿಜನ್ ಆದವರಿಗೆ ಮಾತ್ರ. ಗ್ರೀನ್ ಕಾರ್ಡಿದ್ದರೆ ಸರ್ಕಾರಿ ಸಾಲ ಸಿಗುತ್ತದೆ, ಇದು ಸಿಗುವುದಿಲ್ಲ. ಅಪ್ಪ ಅಮ್ಮನ ಕೆಲಸದ ವೀಸಾ ಆಧಾರದ ಮೇಲೆ ಇಲ್ಲಿರುವ ಎಚ್4 ಮಕ್ಕಳಿಗೆ ಎರಡೂ ಇಲ್ಲ. ಅವರ ಅಪ್ಪ ಅಮ್ಮ ಎಲ್ಲರಿಗಿಂತ ಮೊದಲು ಶಾಲೆಗೆ ಫೋನ್ ಮಾಡಬೇಕು.

ಊಟ ತಯಾರಂತೆ, ಕಾರ್ಯದರ್ಶಿಗಳು ಕೈ ತೋರಿಸುತ್ತಿದ್ದಾರೆ. ಬೇಗ ಮುಗಿಸುತ್ತೇನೆ. ಇಂಡಿಯನ್ ಹೆಲ್ತ್ ಸರ್ವಿಸ್ ಸ್ಕಾಲರ್‌ಶಿಪ್ಪಿಗೆ ನಮ್ಮವರೂ ಅರ್ಜಿ ಹಾಕಲು ಹೊರಡುತ್ತಾರೆ. ಅದು ಇಲ್ಲಿನ ಮೂಲನಿವಾಸಿಗಳದ್ದು, ಅವರಿಗೇ ಸಲ್ಲಬೇಕು. ಪಿಎ ಫೌಂಡೇಶನ್, ನಿಮ್ಮ ರಾಜ್ಯದ ಪಿಎ ಸಂಘ, ಇಲ್ಲೆಲ್ಲ ಸಣ್ಣ ಮೊತ್ತಗಳಿವೆ, ಬಿಡಬೇಡಿ. ಸೇನೆಯಲ್ಲಿರುವವರಿಗೆ ಸ್ಯಾನ್ ಆಂಟೋನಿಯೋದಲ್ಲಿ ಅವರದೇ ಪಿಎ ತರಬೇತಿ ಇದೆ. ಸರ್ಕಾರಿ ಅಥವಾ ನಾನ್-ಪ್ರಾಫಿಟ್ ಆಸ್ಪತ್ರೆಯಲ್ಲಿ ದುಡಿಯುತ್ತಾ ನಿಯಮದಂತೆ 120 ಕಂತು ಕಟ್ಟಿದರೆ ಉಳಿದ ಸರ್ಕಾರಿ ಸಾಲ ಮನ್ನಾ. ಸರ್ಕಾರಿ ನೆರವಿಗೆ ಹಾಕುವ ಫಾಫ್ಸಾ ಅರ್ಜಿಗೆ ಒಂದು ಡಾಲರ್ ಕೂಡ ಕೊಡಬೇಕಿಲ್ಲ. ಸ್ಕಾಲರ್‌ಶಿಪ್ ಕೊಡಿಸುತ್ತೇನೆ ಅಂತ ಫೀಸು ಕೇಳುವವರನ್ನು ದೂರ ಇಡಿ.

ಏಡ್ ಪತ್ರ ಬಂದಿರುವವರು ಊಟದ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬನ್ನಿ. ಒಂದೊಂದು ಸಾಲನ್ನೂ ಕೂತು ಓದೋಣ.